ಬಯೋಕೆಮಿಸ್ಟ್ರಿಯೋ, ಮಾಲಿಕ್ಯುಲರ್ ಬಯಾಲಜಿಯೋ: ಕಲಬುರಗಿ, ಬೀದರ್, ಯಾದಗಿರಿಯ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಒಂದು ಹೋಲಿಕೆಯ ಮಾರ್ಗದರ್ಶಿ

ಪ್ರತಿವರ್ಷ ಆರನೆಯ ಸೆಮಿಸ್ಟರ್‌ನ ಪ್ರಾಯೋಗಿಕ ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಬಿ.ಎಸ್ಸಿ. ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆ ಒಂದೇ: ‘ಸರ್, ಎಂ.ಎಸ್ಸಿ.ಗೆ ಬಯೋಕೆಮಿಸ್ಟ್ರಿ ತಗೋಬೇಕ್ರಿ, ಮಾಲಿಕ್ಯುಲರ್ ಬಯಾಲಜಿ ತಗೋಬೇಕ್ರಿ?’ ಈ ಸಲ ಕೇಳಿದವರಲ್ಲಿ ಒಬ್ಬಳು ಸುರಪುರದ ಹತ್ತಿರದ ಹಳ್ಳಿಯವಳು, ಇನ್ನೊಬ್ಬ ಭಾಲ್ಕಿಯವನು. ಇಬ್ಬರ ಅಂಕಗಳೂ ಹೆಚ್ಚುಕಡಿಮೆ ಸಮ. ಇಬ್ಬರದೂ ರಸಾಯನಶಾಸ್ತ್ರ, ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರದ ಕಾಂಬಿನೇಶನ್. ಆದರೂ ಇಬ್ಬರಿಗೆ ನಾನು ಕೊಟ್ಟ ಸಲಹೆ ಬೇರೆ ಬೇರೆ. ಅದು ಏಕೆ ಬೇರೆಯಾಯಿತೆಂದು ವಿವರಿಸಿದರೆ ಅದೇ ತೊಳಲಾಟದಲ್ಲಿರುವ ಉಳಿದವರಿಗೂ ದಾರಿ ಕಂಡೀತು ಎಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಆರಂಭದಲ್ಲಿಯೇ ಹೆಸರುಗಳ ಬಗ್ಗೆ ಒಂದು ಮಾತು. ಬಯೋಕೆಮಿಸ್ಟ್ರಿ ಎಂದರೆ ಜೀವರಸಾಯನಶಾಸ್ತ್ರ, ಇದರಲ್ಲಿ ಗೊಂದಲವಿಲ್ಲ. ಮಾಲಿಕ್ಯುಲರ್ ಬಯಾಲಜಿಯನ್ನು ಕೆಲವರು ಆಣ್ವಿಕ ಜೀವಶಾಸ್ತ್ರವೆಂದೂ ಕೆಲವರು ಅಣುಜೀವಶಾಸ್ತ್ರವೆಂದೂ ಬರೆಯುತ್ತಾರೆ. ಎರಡನೆಯ ಹೆಸರನ್ನು ಓದಿದವರು ಅದನ್ನು ಸೂಕ್ಷ್ಮಜೀವಿಗಳ ಶಾಸ್ತ್ರವಾದ ಮೈಕ್ರೋಬಯಾಲಜಿ ಎಂದು ತಿಳಿದು ಅರ್ಜಿ ತುಂಬಿದ್ದನ್ನು ಕಂಡಿದ್ದೇನೆ. ಇನ್ನೂ ಮುಖ್ಯವಾದ ಸಂಗತಿಯೆಂದರೆ, ‘ಮಾಲಿಕ್ಯುಲರ್ ಬಯಾಲಜಿ’ ಎಂಬ ಹೆಸರಿನ ಸ್ವತಂತ್ರ ಎಂ.ಎಸ್ಸಿ. ದೊರೆಯುವ ವಿಶ್ವವಿದ್ಯಾಲಯಗಳು ಕಡಿಮೆ. ಆ ವಿಷಯವು ಬಹುತೇಕ ಕಡೆ ಬಯೋಟೆಕ್ನಾಲಜಿ, ಲೈಫ್ ಸೈನ್ಸ್, ಜೆನೆಟಿಕ್ಸ್ ಎಂಬ ಪದವಿಗಳ ಒಡಲಿನಲ್ಲಿರುತ್ತದೆ. ಪುದುಚೇರಿ ವಿಶ್ವವಿದ್ಯಾಲಯದಲ್ಲಿ ಬಯೋಕೆಮಿಸ್ಟ್ರಿಗೂ ಮಾಲಿಕ್ಯುಲರ್ ಬಯಾಲಜಿಗೂ ಸೇರಿ ಒಂದೇ ವಿಭಾಗವಿದೆ. ಆದ್ದರಿಂದ ಪದವಿಯ ಹೆಸರು ನೋಡಿ ಆರಿಸಿಕೊಳ್ಳುವುದು ಚೀಲದ ಮೇಲಿನ ಬರಹ ನೋಡಿ ಬೀಜ ಕೊಂಡಂತೆ.

ಯಾವುದನ್ನು ತೂಗಿ ನೋಡಬೇಕು

ನಾನು ವಿದ್ಯಾರ್ಥಿಗಳ ಮುಂದೆ ಐದು ಅಳತೆಗೋಲುಗಳನ್ನು ಇಡುತ್ತೇನೆ. ದಿನನಿತ್ಯದ ಕೆಲಸ ಯಾವ ಬಗೆಯದು, ಅದು ನಿಮ್ಮ ಕೈಗೂ ಮನಸ್ಸಿಗೂ ಒಗ್ಗುತ್ತದೆಯೇ ಎಂಬುದು ಒಂದು. ನಿಮ್ಮ ರಸಾಯನಶಾಸ್ತ್ರದ ತಳಹದಿ ಎಷ್ಟು ಗಟ್ಟಿ ಎಂಬುದು ಎರಡು. ಎಂ.ಎಸ್ಸಿ. ಆದ ಮೇಲೆ ಪಿಎಚ್.ಡಿ.ಯೋ, ಕಂಪನಿಯ ಕೆಲಸವೋ, ಬೋಧನೆಯೋ ಎಂಬುದು ಮೂರು. ಮನೆಯವರು ಎರಡು ವರ್ಷ ಎಷ್ಟು ಖರ್ಚು ಭರಿಸಬಲ್ಲರು, ಎಷ್ಟು ದೂರ ಕಳಿಸಬಲ್ಲರು ಎಂಬುದು ನಾಲ್ಕು. ವಿಭಾಗದ ಪ್ರಯೋಗಾಲಯದಲ್ಲಿ ನಿಮ್ಮ ಕೈಗೆ ಉಪಕರಣ ಸಿಗುತ್ತದೆಯೇ, ನಾಲ್ಕನೆಯ ಸೆಮಿಸ್ಟರ್‌ನ ಡೆಸರ್ಟೇಶನ್ ಎಂಬ ಸಂಶೋಧನಾ ಕಿರುಪ್ರಬಂಧ ನಿಜವಾದ ಪ್ರಯೋಗವೇ ಅಥವಾ ಹಳೆಯ ಪುಟಗಳ ನಕಲೇ ಎಂಬುದು ಐದು. ಹೆಚ್ಚಿನವರು ಐದನೆಯದನ್ನು ಕೇಳುವುದೇ ಇಲ್ಲ. ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಭಾರವಾದದ್ದು ಅದೇ.

ದಿನನಿತ್ಯದ ಕೆಲಸದ ವ್ಯತ್ಯಾಸವನ್ನು ನಮ್ಮ ನೆಲದ ತೊಗರಿಯ ಮೂಲಕವೇ ಹೇಳಬಹುದು. ತೊಗರಿ ಬೆಳೆಗೆ ಕಾಯಿಕೊರಕ ಹುಳುವಿನ ಕಾಟ ಎಷ್ಟೆಂದು ನಮ್ಮ ಎರೆ ಭೂಮಿಯ ರೈತರ ಮಕ್ಕಳಿಗೆ ಹೇಳಬೇಕಾಗಿಲ್ಲ. ಆ ಹುಳು ತಿಂದ ಪ್ರೋಟೀನನ್ನು ಜೀರ್ಣಿಸಿಕೊಳ್ಳುವುದು ತನ್ನ ಕರುಳಿನಲ್ಲಿರುವ ಟ್ರಿಪ್ಸಿನ್ ಬಗೆಯ ಕಿಣ್ವಗಳಿಂದ. ತೊಗರಿ ಕಾಳಿನಲ್ಲಿಯೇ ಅಂಥ ಕಿಣ್ವವನ್ನು ತಡೆಯುವ ಪ್ರೋಟೀನುಗಳೂ ಇವೆ. ಬಯೋಕೆಮಿಸ್ಟ್ರಿಯ ವಿದ್ಯಾರ್ಥಿ ಈ ಪ್ರಶ್ನೆಯನ್ನು ಹಿಡಿದರೆ ಕಾಳನ್ನು ಹಿಟ್ಟು ಮಾಡಿ, ಕೊಬ್ಬು ತೆಗೆದು, ಬಫರ್‌ನಲ್ಲಿ ಕಲಸಿ, ಅಮೋನಿಯಂ ಸಲ್ಫೇಟ್ ಹಾಕಿ ಪ್ರೋಟೀನನ್ನು ಒತ್ತರಿಸಿ, ಡಯಾಲಿಸಿಸ್ ಮಾಡಿ, ತಣ್ಣನೆಯ ಕೋಣೆಯಲ್ಲಿ ಕಾಲಮ್‌ನಿಂದ ಹನಿ ಹನಿಯಾಗಿ ಇಳಿಸಿ ಶುದ್ಧಗೊಳಿಸುತ್ತಾನೆ. ಆಮೇಲೆ ಬಾಪ್ನಾ ಎಂಬ ಸಂಯುಕ್ತವನ್ನು ಟ್ರಿಪ್ಸಿನ್ ಕತ್ತರಿಸಿದಾಗ ಹುಟ್ಟುವ ಹಳದಿ ಬಣ್ಣವನ್ನು 410 ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾನೆ. ತೊಗರಿಯ ರಸ ಸೇರಿಸಿದಾಗ ಆ ಹಳದಿ ಎಷ್ಟು ತಗ್ಗಿತು, ಪಿಎಚ್ ಬದಲಾದರೆ, ಶಾಖ ಕೊಟ್ಟರೆ ಏನಾಗುತ್ತದೆ ಎಂಬುದನ್ನು ಸಂಖ್ಯೆಗಳಲ್ಲಿ ಹೇಳುವುದೇ ಅವನ ಕೆಲಸ. ಗ್ರಾಫ್ ಎಳೆಯುವುದು, ದ್ರಾವಣಗಳ ಲೆಕ್ಕ ಹಾಕುವುದು, ತಾಳ್ಮೆಯಿಂದ ಕಾಯುವುದು ಬೇಸರವೆನಿಸದವನಿಗೆ ಇದು ಒಗ್ಗುತ್ತದೆ.

ಮಾಲಿಕ್ಯುಲರ್ ಬಯಾಲಜಿಯವಳು ಅದೇ ಪ್ರಶ್ನೆಯನ್ನು ಬೇರೆ ಬಾಗಿಲಿನಿಂದ ಪ್ರವೇಶಿಸುತ್ತಾಳೆ. ಆ ಪ್ರೋಟೀನಿನ ಜೀನ್ ಯಾವುದು, ಹುಳು ಎಲೆ ಕಡಿದಾಗ ಅದರ ಅಭಿವ್ಯಕ್ತಿ ಹೆಚ್ಚುತ್ತದೆಯೇ, ಒಂದು ತಳಿಯಲ್ಲಿರುವ ಅನುಕ್ರಮಕ್ಕೂ ಇನ್ನೊಂದರಲ್ಲಿರುವುದಕ್ಕೂ ಏನು ಅಂತರ ಎಂದು ಕೇಳುತ್ತಾಳೆ. ಎಳೆ ಎಲೆಯಿಂದ ಡಿಎನ್‌ಎ, ಆರ್‌ಎನ್‌ಎ ತೆಗೆಯುವುದು, ಪ್ರೈಮರ್ ರೂಪಿಸುವುದು, ಡಿಎನ್‌ಎಯ ಬೇಕಾದ ತುಣುಕನ್ನು ಅಸಂಖ್ಯ ಪ್ರತಿ ಮಾಡುವ ಪಿಸಿಆರ್ ಹಾಕುವುದು, ಜೆಲ್ ಓಡಿಸಿ ಪಟ್ಟಿಗಳನ್ನು ನೋಡುವುದು, ಅನುಕ್ರಮ ಬಂದ ಮೇಲೆ ಗಂಟೆಗಟ್ಟಲೆ ಕಂಪ್ಯೂಟರ್ ಮುಂದೆ ಕೂರುವುದು ಅವಳ ದಿನಚರಿ. ಇಲ್ಲಿ ಒಂದೆರಡು ಮೈಕ್ರೋಲೀಟರ್ ಹೆಚ್ಚುಕಡಿಮೆಯಾದರೂ ದಿನದ ಕೆಲಸ ಹಾಳು. ಜೆಲ್ ಖಾಲಿ ಬಂದರೆ ತಪ್ಪು ಎಲ್ಲಿ ಎಂದು ತಿಳಿಯಲು ಮತ್ತೆ ನಾಲ್ಕು ದಿನ. ತೊಗರಿಯ ಜೀನೋಮಿನ ಕರಡು ಅನುಕ್ರಮವನ್ನು 2011ರಲ್ಲಿ ಬಿಚ್ಚಿಟ್ಟ ತಂಡದ ನೇತೃತ್ವ ವಹಿಸಿದ್ದು ಪಟಾನ್‌ಚೆರುವಿನ ಅಂತರರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್. ಕಲಬುರಗಿಯಿಂದ ಹುಮನಾಬಾದ್, ಜಹೀರಾಬಾದ್ ಮಾರ್ಗವಾಗಿ ಹೈದರಾಬಾದಿಗೆ ಹೋಗುವ ಬಸ್ಸು ಆ ಊರನ್ನು ಹಾದೇ ಹೋಗುತ್ತದೆ. ಅನುಕ್ರಮಕ್ಕೆ ಬಳಸಿದ ತಳಿ ಆಶಾ. ತೊಗರಿಯ 11 ಕ್ರೋಮೋಸೋಮುಗಳಲ್ಲಿ 48,680 ಜೀನುಗಳಿರಬಹುದೆಂದು ಅಂದಾಜಿಸಲಾಯಿತು. ನಮ್ಮ ಅಪ್ಪಂದಿರು ಬಿತ್ತುವ ಬೆಳೆಯ ಮೇಲೆ ಇಷ್ಟು ದೊಡ್ಡ ವಿಜ್ಞಾನ ಇಷ್ಟು ಹತ್ತಿರದಲ್ಲಿ ನಡೆದಿದೆ ಎಂದು ತರಗತಿಯಲ್ಲಿ ಹೇಳಿದಾಗ ಮಕ್ಕಳ ಮುಖ ಅರಳುವುದನ್ನು ನೋಡುವುದೇ ಒಂದು ಸಂತೋಷ.

ಎರಡೂ ದಾರಿಗಳು ಕೊನೆಗೆ ಒಂದೇ ಪರೀಕ್ಷೆಯ ಬಾಗಿಲಿಗೆ ಬರುತ್ತವೆ ಎಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು. ಸಂಶೋಧನಾ ಫೆಲೋಶಿಪ್‌ಗೂ ಉಪನ್ಯಾಸಕರ ಅರ್ಹತೆಗೂ ನಡೆಯುವ ರಾಷ್ಟ್ರಮಟ್ಟದ ಪರೀಕ್ಷೆಯಾದ ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಬಯೋಕೆಮಿಸ್ಟ್ರಿಗೆ ಪ್ರತ್ಯೇಕ ಪತ್ರಿಕೆಯಿಲ್ಲ. ಎಲ್ಲರೂ ಬರೆಯುವುದು ಲೈಫ್ ಸೈನ್ಸಸ್. ಅದರ 13 ಘಟಕಗಳಲ್ಲಿ ಮೊದಲನೆಯದು ಬಯೋಕೆಮಿಸ್ಟ್ರಿಯದು, ಮೂರನೆಯದು ಮಾಲಿಕ್ಯುಲರ್ ಬಯಾಲಜಿಯದು, ಕೊನೆಯದು ಪ್ರಯೋಗ ವಿಧಾನಗಳದು. ಪರಿಸರಶಾಸ್ತ್ರವೂ ವಿಕಾಸವಾದವೂ ನಡುವೆ ಇವೆ. 200 ಅಂಕಗಳಲ್ಲಿ 100 ಅಂಕ ‘ಸಿ’ ಭಾಗಕ್ಕೆ ಸೇರಿದ್ದು, ಅಲ್ಲಿ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದು ಪ್ರಯೋಗವನ್ನು ಕೊಟ್ಟು ಫಲಿತಾಂಶವನ್ನು ವಿವರಿಸಲು ಹೇಳುವಂಥವು. ಜೆಲ್‌ನ ಚಿತ್ರವನ್ನು ಪುಸ್ತಕದಲ್ಲಿ ಮಾತ್ರ ನೋಡಿದವರಿಗಿಂತ ತಾವೇ ಓಡಿಸಿದವರು ಇಲ್ಲಿ ಮುಂದೆ ಹೋಗುತ್ತಾರೆ. ಪ್ರಯೋಗಾಲಯವನ್ನು ಐದನೆಯ ಅಳತೆಗೋಲಾಗಿ ಇಟ್ಟುದಕ್ಕೆ ಇದು ಒಂದು ಕಾರಣ.

ನಮ್ಮ ಮುಂದಿರುವ ಆಯ್ಕೆಗಳು

ಗುಲಬರ್ಗಾ ವಿಶ್ವವಿದ್ಯಾಲಯ ನಮ್ಮ ಭಾಗದ ವಿದ್ಯಾರ್ಥಿಗೆ ಸಹಜವಾದ ಮೊದಲ ಆಯ್ಕೆ. 1980ರಲ್ಲಿ ಸ್ವತಂತ್ರವಾದ ಈ ವಿಶ್ವವಿದ್ಯಾಲಯದ ಜ್ಞಾನಗಂಗಾ ಆವರಣದಲ್ಲಿ ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಮೂರೂ ಪ್ರತ್ಯೇಕ ವಿಭಾಗಗಳಾಗಿವೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿಯ ಪ್ರಕಾರ ಇಲ್ಲಿನ ಶೇ 70ರಷ್ಟು ಸೀಟುಗಳು ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಮೀಸಲು. ಖರ್ಚು ಕಡಿಮೆ, ಮನೆ ಹತ್ತಿರ, ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಹಾಸ್ಟೆಲ್‌ಗಳು ನಗರದಲ್ಲಿವೆ. ಆದರೆ ಯಾವ ರಾಜ್ಯ ವಿಶ್ವವಿದ್ಯಾಲಯದಲ್ಲೇ ಆಗಲಿ, ಉಪಕರಣ ಇರುವುದು ಬೇರೆ, ಅದು ಎಂ.ಎಸ್ಸಿ. ವಿದ್ಯಾರ್ಥಿಯ ಕೈಗೆ ಸಿಗುವುದು ಬೇರೆ. ಸೇರುವ ಮೊದಲು ಒಂದು ದಿನ ಹೋಗಿ ಎರಡನೆಯ ವರ್ಷದವರನ್ನು ಭೇಟಿಯಾಗಿ, ಕಳೆದ ತಿಂಗಳು ತಮ್ಮ ಕೈಯಾರೆ ಮಾಡಿದ ಪ್ರಯೋಗಗಳು ಯಾವುವು, ಬ್ಯಾಚಿನಲ್ಲಿ ಎಷ್ಟು ಜನ, ಡೆಸರ್ಟೇಶನ್‌ಗೆ ರಾಸಾಯನಿಕಗಳ ಖರ್ಚು ಯಾರದು ಎಂದು ಕೇಳಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದರೆ ಫ್ರೀಜರ್‌ಗೆ ಜನರೇಟರ್ ಇದೆಯೇ ಎಂಬುದನ್ನೂ ಕೇಳಬೇಕು. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ: ನಾನು ಡೆಸರ್ಟೇಶನ್ ಮಾಡುತ್ತಿದ್ದ ಒಂದು ಪ್ರಯೋಗಾಲಯದಲ್ಲಿ ಏಪ್ರಿಲ್ ತಿಂಗಳ ಒಂದು ರಾತ್ರಿ ವಿದ್ಯುತ್ ಕೈಕೊಟ್ಟು, ಮೂರು ವಾರ ಕಷ್ಟಪಟ್ಟು ಶುದ್ಧಗೊಳಿಸಿದ್ದ ಕಿಣ್ವ ಬೆಳಗಾಗುವುದರೊಳಗೆ ಸತ್ತುಹೋಗಿತ್ತು. 42 ಡಿಗ್ರಿಯ ಊರಿನಲ್ಲಿ ಪ್ರೋಟೀನಿನ ಕೆಲಸಕ್ಕೆ ಇಳಿಯುವವರಿಗೆ ಇದು ಸಣ್ಣ ವಿಷಯವಲ್ಲ. ಡಿಎನ್‌ಎ ಕಿಣ್ವದಷ್ಟು ನಾಜೂಕಲ್ಲ. ಆದರೆ ಆರ್‌ಎನ್‌ಎ ಅದಕ್ಕಿಂತಲೂ ನಾಜೂಕು.

ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾದದ್ದು. ಇಲ್ಲಿ ದೊರೆಯುವುದು ಲೈಫ್ ಸೈನ್ಸ್ ಎಂ.ಎಸ್ಸಿ. ಹೆಸರೇ ಹೇಳುವಂತೆ ಇದರ ಹರವು ಅಗಲ: ಬಯೋಕೆಮಿಸ್ಟ್ರಿಯೂ ಮಾಲಿಕ್ಯುಲರ್ ಬಯಾಲಜಿಯೂ ಅದರೊಳಗೆ ಬರುತ್ತವೆ. ಯಾವುದು ತನ್ನ ದಾರಿಯೆಂದು ಇನ್ನೂ ನಿಶ್ಚಯವಾಗದ ವಿದ್ಯಾರ್ಥಿಗೆ, ನೆಟ್ ಪರೀಕ್ಷೆಯ ಮೇಲೆ ಕಣ್ಣಿಟ್ಟವರಿಗೆ ಇದು ಒಳ್ಳೆಯದು. ಕಿಣ್ವ ಚಲನಶಾಸ್ತ್ರವನ್ನೋ ಪ್ರೋಟೀನ್ ರಚನೆಯನ್ನೋ ಆಳವಾಗಿ ಕಲಿಯಬಯಸುವವರಿಗೆ ಅಷ್ಟು ತೃಪ್ತಿ ಕೊಡಲಾರದು. ಪ್ರವೇಶ ಸಿಯುಇಟಿ-ಪಿಜಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ, ದೇಶದ ಎಲ್ಲ ಭಾಗದವರೊಡನೆ ಸ್ಪರ್ಧಿಸಿ. 371ಜೆ ಮೀಸಲಾತಿ ಅನ್ವಯಿಸುವುದು ರಾಜ್ಯದ ವ್ಯವಸ್ಥೆಗೆ, ಇಲ್ಲಿಗಲ್ಲ. ಕಲಬುರಗಿಯಿಂದ ಸುಮಾರು 30 ಕಿ.ಮೀ. ದೂರವಾದ್ದರಿಂದ ನಗರದಲ್ಲಿರುವ ಹೆಣ್ಣುಮಕ್ಕಳು ಶಕ್ತಿ ಯೋಜನೆಯಡಿ ಸಾರಿಗೆ ಬಸ್ಸಿನಲ್ಲಿ ಉಚಿತವಾಗಿ ಓಡಾಡಿ ಓದಬಹುದು. ತಂದೆ ಕೂಲಿ ಮಾಡುವ ಮನೆಯ ಲೆಕ್ಕದಲ್ಲಿ ಎರಡು ವರ್ಷದ ಬಸ್ ದರ ಉಳಿಯುವುದು ಸಣ್ಣ ಮೊತ್ತವಲ್ಲ.

ಹೈದರಾಬಾದ್ ನಮ್ಮವರಿಗೆ, ವಿಶೇಷವಾಗಿ ಬೀದರ್ ಜಿಲ್ಲೆಯವರಿಗೆ, ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಬೀದರಿನಿಂದ ಬೆಂಗಳೂರು ಸುಮಾರು 700 ಕಿ.ಮೀ. ಆದರೆ ಹೈದರಾಬಾದ್ ಸುಮಾರು 140 ಕಿ.ಮೀ. ಅಲ್ಲಿ 1974ರಲ್ಲಿ ಸ್ಥಾಪನೆಯಾದ ಹೈದರಾಬಾದ್ ವಿಶ್ವವಿದ್ಯಾಲಯವಿದೆ, ಉಸ್ಮಾನಿಯಾ ಇದೆ, ಪಿಎಚ್.ಡಿ.ಗೆ ಸಿಸಿಎಂಬಿ, ಸಿಡಿಎಫ್‌ಡಿಯಂಥ ಸಂಶೋಧನಾ ಕೇಂದ್ರಗಳಿವೆ. ಶಾಮೀರ್‌ಪೇಟೆಯ ಕಡೆಗೆ ಹರಡಿರುವ ಜೀನೋಮ್ ವ್ಯಾಲಿಯಲ್ಲಿ ಲಸಿಕೆ ಮತ್ತು ಔಷಧ ತಯಾರಿಸುವ ಕಂಪನಿಗಳ ಸಾಲೇ ಇದೆ. ಕೋವ್ಯಾಕ್ಸಿನ್ ಲಸಿಕೆ ಹುಟ್ಟಿದ್ದು ಅಲ್ಲಿಯೇ. ಅಲ್ಲಿನ ವಾತಾವರಣದ ದೊಡ್ಡ ಲಾಭ ತರಗತಿಯ ಹೊರಗಿನದು: ವಾರಕ್ಕೊಂದು ಉಪನ್ಯಾಸ, ಪಿಎಚ್.ಡಿ. ಮಾಡುವವರ ಒಡನಾಟ, ಯಾವ ಪ್ರಯೋಗಾಲಯದಲ್ಲಿ ಏನು ನಡೆಯುತ್ತಿದೆ ಎಂಬ ಅರಿವು. ಅದಕ್ಕೆ ತೆರಬೇಕಾದ ಬೆಲೆಯೂ ಇದೆ. ಪೈಪೋಟಿ ಹೆಚ್ಚು, ಹಾಸ್ಟೆಲ್ ಸಿಗದಿದ್ದರೆ ಪಿಜಿಯ ಬಾಡಿಗೆ ದುಬಾರಿ, ರಾಜ್ಯದ ಹೊರಗಿನವರಿಗೆ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಸೀಟು ಕಡಿಮೆ. ಬಯೋಟೆಕ್ನಾಲಜಿ ಬಯಸುವವರು ಗ್ಯಾಟ್-ಬಿ ಎಂಬ ಪರೀಕ್ಷೆಯನ್ನು ಗಮನಿಸಬೇಕು; ಕೇಂದ್ರದ ಬಯೋಟೆಕ್ನಾಲಜಿ ಇಲಾಖೆಯ ನೆರವಿರುವ ಕೋರ್ಸುಗಳಿಗೆ ಅದರಿಂದ ಪ್ರವೇಶ, ಜೊತೆಗೆ ಮಾಸಿಕ ವಿದ್ಯಾರ್ಥಿವೇತನ.

ಧಾರವಾಡ, ಮೈಸೂರು, ದಾವಣಗೆರೆಗಳಲ್ಲಿಯೂ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಇದೆ. ನಮ್ಮ ಭಾಗದ ಹೊರಗಿನ ರಾಜ್ಯ ವಿಶ್ವವಿದ್ಯಾಲಯಗಳಲ್ಲಿಯೂ 371ಜೆ ಅಡಿ ನಮ್ಮವರಿಗೆ ಶೇ 8ರಷ್ಟು ಸೀಟು ಮೀಸಲು ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ. ಯಾದಗಿರಿಯ ವಿದ್ಯಾರ್ಥಿ ಮೈಸೂರಿನ ಸೀಟು ತನಗೆ ಎಟುಕುವುದಿಲ್ಲವೆಂದು ಅರ್ಜಿಯನ್ನೇ ಹಾಕದೆ ಕೂರುವುದು ನನಗೆ ನಿಜಕ್ಕೂ ನೋವು ತರುತ್ತದೆ.

ವೈದ್ಯಕೀಯ ಕಾಲೇಜುಗಳಲ್ಲಿ ನಡೆಯುವ ಮೆಡಿಕಲ್ ಬಯೋಕೆಮಿಸ್ಟ್ರಿ ಎಂ.ಎಸ್ಸಿ. ಬೇರೆಯದೇ ಜಾತಿಯದು. ಅವಧಿ ಮೂರು ವರ್ಷ. ಮೊದಲ ವರ್ಷ ಅಂಗರಚನೆ, ಶರೀರಕ್ರಿಯೆಗಳನ್ನೂ ಓದಬೇಕು. ಯಕೃತ್ತಿನ ಪರೀಕ್ಷೆ, ಹಾರ್ಮೋನು, ರಕ್ತದ ಸಕ್ಕರೆ, ಪ್ರಯೋಗಾಲಯದ ಗುಣಮಟ್ಟ ನಿಯಂತ್ರಣ ಇವೇ ಅದರ ಜೀವಾಳ. ನಮ್ಮ ಮೂರೂ ಜಿಲ್ಲೆಗಳಲ್ಲಿ ವೈದ್ಯಕೀಯ ಕಾಲೇಜುಗಳಿದ್ದರೂ ಎಂ.ಬಿ.ಬಿ.ಎಸ್. ಇರುವಲ್ಲೆಲ್ಲ ಈ ಕೋರ್ಸ್ ಇರುವುದಿಲ್ಲ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಆ ವರ್ಷದ ಪಟ್ಟಿಯನ್ನೇ ನೋಡಬೇಕು. ಖಾಸಗಿ ಕಾಲೇಜಿನಲ್ಲಿ ಶುಲ್ಕ ಭಾರ. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಸಿಗುವ ಸಾಧ್ಯತೆ ಚೆನ್ನಾಗಿದೆ, ಆದರೆ ವರದಿಗೆ ಸಹಿ ಹಾಕುವ ಅಧಿಕಾರದ ಬಗ್ಗೆ ವೈದ್ಯರಿಗೂ ಎಂ.ಎಸ್ಸಿ. ಆದವರಿಗೂ ನಡುವೆ ಜಗಳ ಹಳೆಯದು. ವೈದ್ಯಕೀಯ ಕಾಲೇಜಿನ ಬೋಧಕ ಹುದ್ದೆಗಳಲ್ಲಿ ವೈದ್ಯರಲ್ಲದವರಿಗೆ ಎಷ್ಟು ಪಾಲು ಎಂಬ ನಿಯಮವೂ ಹಲವು ಬಾರಿ ಬದಲಾಗಿದೆ. ಅಂದಿನ ನಿಯಮ ಓದದೆ ಮೂರು ವರ್ಷ ಕೊಡಬಾರದು.

ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಲ್ಲೂ ರಾಯಚೂರಿನ ಕೃಷಿ ವಿಶ್ವವಿದ್ಯಾಲಯದಲ್ಲೂ ಈ ವಿಷಯಗಳ ಸ್ನಾತಕೋತ್ತರ ಅಧ್ಯಯನ ಉಂಟು. ಅವು ಪಶುವೈದ್ಯಕೀಯ, ಕೃಷಿ ಪದವೀಧರರಿಗೆ, ಸಾಮಾನ್ಯ ಬಿ.ಎಸ್ಸಿ.ಯವರು ಅದರ ಆಸೆ ಇಟ್ಟುಕೊಳ್ಳುವುದು ಬೇಡ.

ಇನ್ನು ಬೆಂಗಳೂರಿನ ಐಐಎಸ್‌ಸಿಯಂಥ ಸಂಸ್ಥೆಗಳ, ಎಂ.ಎಸ್ಸಿ.ಯೂ ಪಿಎಚ್.ಡಿ.ಯೂ ಕೂಡಿದ ಇಂಟಿಗ್ರೇಟೆಡ್ ಪಿಎಚ್.ಡಿ. ಬಿ.ಎಸ್ಸಿ. ಆದೊಡನೆ ಜ್ಯಾಮ್ ಎಂಬ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಮೂಲಕ ಪ್ರವೇಶ, ಮೊದಲ ದಿನದಿಂದಲೇ ವೇತನ, ಆರೇಳು ವರ್ಷದ ದುಡಿಮೆ. ಸೀಟುಗಳು ಬೆರಳೆಣಿಕೆಯಷ್ಟು. ಬಡತನದ ಕಾರಣದಿಂದ ಸಂಶೋಧನೆ ತಮಗಲ್ಲ ಎಂದುಕೊಳ್ಳುವ ಪ್ರತಿಭಾವಂತರಿಗೆ ಇದಕ್ಕಿಂತ ಕಡಿಮೆ ಖರ್ಚಿನ ದಾರಿ ಇನ್ನೊಂದಿಲ್ಲ. 60 ಪ್ರಶ್ನೆಗಳ, ಮೂರು ಗಂಟೆಯ ಆ ಪರೀಕ್ಷೆಯನ್ನು ಒಮ್ಮೆಯಾದರೂ ಗಂಭೀರವಾಗಿ ಬರೆಯಬೇಕು ಎಂಬುದು ನನ್ನ ಒತ್ತಾಯ.

ಯಾರಿಗೆ ಯಾವುದು

ರಸಾಯನಶಾಸ್ತ್ರ ಕಂಡರೆ ಅಂಜುವವರು ಬಯೋಕೆಮಿಸ್ಟ್ರಿ ಬಿಟ್ಟು ಮಾಲಿಕ್ಯುಲರ್ ಬಯಾಲಜಿ ಹಿಡಿದರೆ ಬಚಾವಾಗುತ್ತೇವೆ ಎಂದುಕೊಳ್ಳುತ್ತಾರೆ. ಅದು ಅರ್ಧ ಸತ್ಯ. ಬಫರ್ ಏಕೆ, ಮೆಗ್ನೀಷಿಯಂ ಏಕೆ ಎಂಬುದು ತಿಳಿಯದವರ ಕೈಯಲ್ಲಿ ಪಿಸಿಆರ್ ಅಡುಗೆಯ ಪಾಕವಿಧಾನವಾಗಿಬಿಡುತ್ತದೆ. ಕೆಟ್ಟಾಗ ರಿಪೇರಿ ಮಾಡಲು ಬರುವುದಿಲ್ಲ. ಆದರೂ ಥರ್ಮೋಡೈನಮಿಕ್ಸ್ ಮತ್ತು ಸಾವಯವ ಕ್ರಿಯೆಗಳ ಭಾರ ಬಯೋಕೆಮಿಸ್ಟ್ರಿಯಲ್ಲಿ ಹೆಚ್ಚು ಎಂಬುದು ನಿಜ. ಕನ್ನಡ ಮಾಧ್ಯಮದಿಂದ ಬಂದವರಿಗೆ ಎರಡರಲ್ಲೂ ಮೊದಲ ಸೆಮಿಸ್ಟರ್ ಕಷ್ಟ. ಸಮೀಕರಣ ಮತ್ತು ಲೆಕ್ಕಕ್ಕೆ ಭಾಷೆಯ ಹಂಗು ಕಡಿಮೆಯಾದ್ದರಿಂದ ಬಯೋಕೆಮಿಸ್ಟ್ರಿಯಲ್ಲಿ ಅವರು ಬೇಗ ಚೇತರಿಸಿಕೊಳ್ಳುವುದನ್ನು ಹಲವು ಬಾರಿ ಕಂಡಿದ್ದೇನೆ.

ಎಂ.ಎಸ್ಸಿ. ಮುಗಿದೊಡನೆ ಸಂಬಳ ಬೇಕಾದವರಿಗೆ ಬಯೋಕೆಮಿಸ್ಟ್ರಿಯೇ ವಾಸಿ ಎಂದು ನನ್ನ ತೀರ್ಮಾನ. ಕಡೇಚೂರು, ಹುಮನಾಬಾದ್, ಬೀದರಿನ ಕೋಳಾರ ಕೈಗಾರಿಕಾ ಪ್ರದೇಶಗಳಲ್ಲಿ ಮತ್ತು ಹೈದರಾಬಾದಿನ ಸುತ್ತ ಇರುವ ಔಷಧ ಕಾರ್ಖಾನೆಗಳ ಗುಣಮಟ್ಟ ಪರೀಕ್ಷೆಯ ವಿಭಾಗಕ್ಕೆ ಬೇಕಾದದ್ದು ಎಚ್‌ಪಿಎಲ್‌ಸಿ, ಸ್ಪೆಕ್ಟ್ರೋಫೋಟೋಮೀಟರ್‌ನಂಥ ವಿಶ್ಲೇಷಣಾ ಉಪಕರಣಗಳನ್ನು ಬಲ್ಲವರು. ಅಲ್ಲಿಯೂ ರಸಾಯನಶಾಸ್ತ್ರ ಎಂ.ಎಸ್ಸಿ. ಆದವರು ನಿಮಗಿಂತ ಮುಂದೆ ನಿಂತಿರುತ್ತಾರೆ ಎಂಬುದನ್ನು ಮರೆಯಬಾರದು. ಸರ್ಕಾರಿ ಬೋಧನೆಯ ಕನಸಿರುವವರಿಗೆ ಇನ್ನೂ ಕಠಿಣವಾದ ಮಾತನ್ನು ಹೇಳಬೇಕಾಗಿದೆ: ಪದವಿ ಕಾಲೇಜುಗಳಲ್ಲಿ ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರದ ಹುದ್ದೆಗಳಿಗೆ ಹೋಲಿಸಿದರೆ ಬಯೋಕೆಮಿಸ್ಟ್ರಿ, ಬಯೋಟೆಕ್ನಾಲಜಿಯವು ಕಡಿಮೆ, ಪಿಯು ಉಪನ್ಯಾಸಕ ಹುದ್ದೆಗೆ ಅಧಿಸೂಚನೆಯಲ್ಲಿ ಹೆಸರಿಸಿದ ವಿಷಯಗಳ ಪದವಿಯೇ ಬೇಕು. ಹಿಂದಿನ ಅಧಿಸೂಚನೆಯೊಂದನ್ನು ತೆರೆದು ನಿಮ್ಮ ಪದವಿಯ ಹೆಸರು ಅಲ್ಲಿದೆಯೇ ಎಂದು ನೋಡಿ ಆಮೇಲೆ ಅರ್ಜಿ ಹಾಕಿ. ಇದನ್ನು ಎರಡು ವರ್ಷದ ನಂತರ ತಿಳಿದು ಕಣ್ಣೀರು ಹಾಕಿದವರನ್ನು ನಾನು ಬಲ್ಲೆ.

ಸಂಶೋಧನೆಯೇ ಗುರಿಯಾದರೆ ಲೆಕ್ಕ ಬದಲಾಗುತ್ತದೆ. ನೆಟ್ ಮೂಲಕ ದೊರೆಯುವ ಸಂಶೋಧನಾ ಫೆಲೋಶಿಪ್ ಆದ ಜೆಆರ್‌ಎಫ್ ಸಿಕ್ಕರೆ ತಿಂಗಳಿಗೆ 37,000 ರೂಪಾಯಿ, ಅದಕ್ಕೆ ಎಂ.ಎಸ್ಸಿ.ಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 55, ಮೀಸಲು ವರ್ಗಗಳಿಗೆ ಶೇ 50 ಅಂಕ ಬೇಕು, ಯಾವ ವಿಶ್ವವಿದ್ಯಾಲಯ ಎಂದು ಯಾರೂ ಕೇಳುವುದಿಲ್ಲ. ಆದ್ದರಿಂದ ದೂರ ಹೋಗಲಾಗದವರು ನಿರಾಶರಾಗಬೇಕಾಗಿಲ್ಲ. ಕಲಬುರಗಿಯಲ್ಲಿಯೇ ಓದುತ್ತ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿಯಾಗಿ ಕೊಡುವ ಎರಡು ತಿಂಗಳ ಬೇಸಿಗೆ ಸಂಶೋಧನಾ ಫೆಲೋಶಿಪ್‌ಗೆ ಅರ್ಜಿ ಹಾಕಿ, ಒಂದು ಒಳ್ಳೆಯ ಪ್ರಯೋಗಾಲಯದಲ್ಲಿ ಕೈ ಪಳಗಿಸಿಕೊಂಡು ಬರುವುದು ನಾನು ಎಲ್ಲಕ್ಕಿಂತ ಹೆಚ್ಚು ಶಿಫಾರಸು ಮಾಡುವ ದಾರಿ.

ಸುರಪುರದ ಹುಡುಗಿಗೆ ರಸಾಯನಶಾಸ್ತ್ರದಲ್ಲಿ ಒಲವಿತ್ತು, ಮನೆಯಲ್ಲಿ ಇನ್ನಿಬ್ಬರು ಓದುವವರಿದ್ದರು, ಬೇಗ ಕೆಲಸಕ್ಕೆ ಸೇರುವ ಒತ್ತಾಯವಿತ್ತು. ಅವಳಿಗೆ ಗುಲಬರ್ಗಾ ವಿಶ್ವವಿದ್ಯಾಲಯದ ಬಯೋಕೆಮಿಸ್ಟ್ರಿ, ಸರ್ಕಾರಿ ಹಾಸ್ಟೆಲ್, ಬೇಸಿಗೆಯ ಫೆಲೋಶಿಪ್ ಎಂದೆ. ಭಾಲ್ಕಿಯ ಹುಡುಗನಿಗೆ ಜೀನುಗಳ ಗೀಳು, ಕಂಪ್ಯೂಟರ್ ಮುಂದೆ ಕೂರುವ ತಾಳ್ಮೆ, ಐದಾರು ವರ್ಷ ಕಾಯಬಲ್ಲ ಮನೆ. ಒಂದು ವರ್ಷ ಹೋದರೂ ಚಿಂತೆಯಿಲ್ಲ, ಜ್ಯಾಮ್ ಮತ್ತು ಗ್ಯಾಟ್-ಬಿ ಎರಡನ್ನೂ ಬರೆದು ಹೈದರಾಬಾದೋ ಬೆಂಗಳೂರೋ ಹಿಡಿ, ಕಡಗಂಚಿಯನ್ನು ಕೈಯಲ್ಲಿಟ್ಟುಕೊಂಡಿರು ಎಂದು ಅವನಿಗೆ ಹೇಳಿದೆ.

ಇಬ್ಬರೂ ನನ್ನನ್ನು ಕೇಳಿದ್ದು ತಡವಾಗಿಯೇ. ಜ್ಯಾಮ್ ಅರ್ಜಿ ಶುರುವಾಗುವುದು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ, ಪರೀಕ್ಷೆ ಫೆಬ್ರುವರಿಯಲ್ಲಿ. ಸಿಯುಇಟಿ-ಪಿಜಿ ಅರ್ಜಿ ಚಳಿಗಾಲದಲ್ಲಿ, ಪರೀಕ್ಷೆ ಮಾರ್ಚ್ ಸುಮಾರಿಗೆ. ಅಕಾಡೆಮಿಗಳ ಫೆಲೋಶಿಪ್‌ಗೂ ಅರ್ಜಿ ಹಿಂದಿನ ವರ್ಷದ ಕೊನೆಯಲ್ಲಿಯೇ. ಅಂದರೆ ಐದನೆಯ ಸೆಮಿಸ್ಟರ್ ಆರಂಭವಾಗುವಾಗಲೇ ಮನಸ್ಸು ಗಟ್ಟಿಯಾಗಿರಬೇಕು. ನಮ್ಮ ವಿಶ್ವವಿದ್ಯಾಲಯಗಳ ಅರ್ಜಿ ಬರುವುದು ಪದವಿಯ ಫಲಿತಾಂಶದ ಆಸುಪಾಸಿನಲ್ಲಿ; ಆಗ ಎಲ್ಲರೂ ಒಟ್ಟಿಗೆ 371ಜೆ ಪ್ರಮಾಣಪತ್ರಕ್ಕಾಗಿ ಉಪವಿಭಾಗಾಧಿಕಾರಿಗಳ ಕಚೇರಿಯ ಮುಂದೆ ನಿಲ್ಲುತ್ತಾರೆ. ಆ ಪ್ರಮಾಣಪತ್ರವನ್ನೂ ಜಾತಿ, ಆದಾಯ ಪತ್ರಗಳನ್ನೂ ದೀಪಾವಳಿ ರಜೆಯಲ್ಲಿಯೇ ಮಾಡಿಸಿಟ್ಟುಕೊಳ್ಳಿ.